ಕೊನೆಯ ಸಾಲು ಮೊದಲು

ಜನವರಿ 12

ಅತ್ತೆಗೆ ನಮಸ್ಕಾರ,

ಫೋನ್ ಯಾಕೆ ಮಾಡಲ್ಲ ಅಂತ ಬಯ್ಕೊಳ್ತಿರ್ತೀರ, ಗೊತ್ತು. ಫೋನ್ ಮಾಡಿದ್ರೆ ನಿಮ್ಮ ಮಾತಿನ ಹಿಂದೆ ಅಪ್ಪ ಕೆಮ್ಮೋದು ಕೇಳಿಸುತ್ತೆ. ಆಮೇಲೆ ನೀವು ಏನು ಹೇಳಿದ್ರೂ ತಲೆಗೆ ಹೋಗಲ್ಲ. ಕಾಗದ ಆದ್ರೆ ಆ ಕಾಟ ಇಲ್ಲ. ಹತ್ತನೇ ಕ್ಲಾಸಿನ ಕನ್ನಡ, ಎಲ್ಲಾದ್ರೂ ಹರಿದಿದ್ರೆ ನೀವೇ ಹೊಲಿಗೆ ಹಾಕ್ಕೊಂಡು ಓದಿ.

ನಾನೀಗ ಒಂದು ಪಾರ್ಸೆಲ್ ಗೋಡೌನಲ್ಲಿ ಇದೀನಿ. ಬೆಲ್ಟ್ ಮೇಲೆ ಪೆಟ್ಟಿಗೆ ಬರ್ತಾನೇ ಇರುತ್ತೆ, ಮೇಲಿನ ವಿಳಾಸ ನೋಡಿ ಬಲಕ್ಕೋ ಎಡಕ್ಕೋ ತಳ್ಳಬೇಕು. ಯಾವ ಪೆಟ್ಟಿಗೇಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಅಪ್ಪ ಸಮಾಧಿ ಕಲ್ಲು ಕೆತ್ತೋ ಅಂಗಳಕ್ಕಿಂತ ಎಷ್ಟೋ ವಾಸಿ. ಅಲ್ಲಿ ಪ್ರತಿ ಕಲ್ಲಿನ ಅಡಿಗೂ ಯಾರು ಹೋಗಿ ಮಲಗ್ತಾರೆ ಅಂತ ಗೊತ್ತಿರ್ತಿತ್ತು. ರೂಮಲ್ಲಿ ನನ್ನ ಜೊತೆ ಒಬ್ಬ ಲಾರಿ ಡ್ರೈವರ್ ಇದಾನೆ. ಡ್ರೈವರಣ್ಣ ಅಂತೀನಿ. ಲಾರಿ ಓಡಿಸುವಾಗ ಹಾಡ್ತಾನೆ, ಮಲಗಿದಾಗ ಗೊರಕೆಯಲ್ಲೂ ಅದೇ ರಾಗ.

ಹೋದ ಭಾನುವಾರ ಅವನೇ ಎಳ್ಕೊಂಡು ಹೋಗಿ ಚರ್ಚಲ್ಲಿ ಕೂರಿಸ್ದ. ಬೇಗ ಎದ್ದು ಹೋಗೋಕೆ ಅನುಕೂಲ ಅಂತ ಬಾಗಿಲ ಪಕ್ಕದ ಬೆಂಚು ಹಿಡಿದಿದ್ದೆ. ಪಾದ್ರಿಗಳು ಒಂದು ಕೀರ್ತನೆ ಓದಿದ್ರು. ಅರ್ಧಕ್ಕೆ ಬರೋ ಹೊತ್ತಿಗೆ ಎದ್ದು ಹೋಗೋದು ಮರೆತೆ. ನಮ್ಮ ತಾತನ ಸಮಾಧಿ ಕಲ್ಲಿನ ಮಾತದು. "ಎಂದೆಂದಿಗೂ ನಮ್ಮ ಮೇಲೆ ಮುನಿದಿರುವೆಯಾ? ತಲೆತಲಾಂತರಕ್ಕೂ ನಿನ್ನ ಕೋಪವನ್ನು ಎಳೆಯುವೆಯಾ?" ಚಿಕ್ಕವನಿದ್ದಾಗ ಅಜ್ಜಿ ನನ್ನ ಬೆರಳು ಹಿಡಿದು ಆ ಅಕ್ಷರಗಳ ಮೇಲೆ ಓಡಿಸ್ತಿದ್ರಲ್ಲ. ಅಕ್ಷರ ಕಲಿತಿದ್ದೇ ಅದರಲ್ಲಿ. ನಮ್ಮ ಮನೆ ಮೇಲೆ ದೇವರಿಗೆ ಸಿಟ್ಟಿದೆ ಅಂತ ಅಆಇಈ ಜೊತೆಗೇ ಕಲಿತೆ.

ಆದ್ರೆ ಅತ್ತೆ, ಪಾದ್ರಿಗಳು ಅಲ್ಲಿಗೆ ನಿಲ್ಲಿಸ್ಲಿಲ್ಲ. ಮುಂದಕ್ಕೆ ಓದಿದ್ರು. "ನಮಗೆ ಮತ್ತೆ ಜೀವ ಕೊಡಲಾರೆಯಾ, ನಿನ್ನ ಜನ ನಿನ್ನಲ್ಲಿ ನಲಿಯುವಂತೆ?" ಮನೇಲಿ ಬೈಬಲ್ ಇತ್ತು ನಿಜ, ನಾನು ಯಾವತ್ತು ತೆಗೆದು ನೋಡಿದೀನಿ ಹೇಳಿ. ಹೀಗೊಂದು ಮುಂದಿನ ಮಾತು ಇದೆ ಅಂತ ಗೊತ್ತೇ ಇರಲಿಲ್ಲ. ತಾತನ ಕಲ್ಲಲ್ಲಿ ಅದು ಯಾಕಿಲ್ಲ?

ನಾನು ಹೊರಟ ದಿನ ನೀವು ಒಳಗೆ ಹೊಲಿಗೆ ಮಿಶಿನ್ ತುಳೀತಾ ಇದ್ರಿ. ಅಂಗಳದಲ್ಲಿ ಏನಾಯ್ತು ಅಂತ ಅಪ್ಪ ಹೇಳಿರಲ್ಲ. ನಾನು ಡ್ರಮ್ಮಿಂದ ಪೈಪ್ ಎಳೆದು ಕಟಿಂಗ್ ಮಿಶಿನ್ನಿಗೆ ನೀರು ಬಿಟ್ಟಿದ್ದೆ, ದೂಳು ಏಳದ ಹಾಗೆ. ಎಲ್ರಿಗೂ ಮಾಸ್ಕ್ ತಂದಿದ್ದೆ. ಅಪ್ಪ ಬಂದು, "ನೀರು ಬಿದ್ರೆ ಅಕ್ಷರದ ಕೆಂಪು ಗೆರೆ ಅಳಿಸಿಹೋಗುತ್ತೆ, ಗೆರೆ ಇಲ್ದೆ ಕೆತ್ತೋಕೆ ನೀನ್ಯಾವ ದೊಡ್ಡ ಪಂಡಿತ" ಅಂದ್ರು. ತಾತ ಹೋಗಿದ್ದು ಈ ದೂಳಿಂದ, ನಿಮಗೂ ಹಿಡಿದಿದೆ ಅಂದೆ. "ದೂಳಲ್ಲ ಕಣೋ ಅದು, ಮೇಲಿಂದ ಬಂದದ್ದು. ಕಲ್ಲಲ್ಲೇ ಬರೆದಿದೆ, ಹೋಗಿ ಓದ್ಕೋ" ಅಂತ ನನ್ನ ಮುಖದ ಮಾಸ್ಕ್ ಕಿತ್ತು ಡ್ರಮ್ಮಿಗೆ ಎಸೆದ್ರು. ಮೇಸ್ತ್ರಿ ಮುಂದೆ, ಎಲ್ಲರ ಮುಂದೆ. ಹಾಗಾದ್ರೆ ದೇವರೇ ಬಂದು ನಿಮ್ಮ ಕಲ್ಲು ಕೆತ್ತಲಿ ಅಂತ ಹೇಳಿ ಬಂದೆ.

ಅಲ್ಲಿಂದ ತಂದಿದ್ದು ಅಪ್ಪನ ಒಂದೇ ಮಾತು. "ಕೊನೆ ಸಾಲು ಮೊದಲು." ಕಲ್ಲಿನ ಕೆಳಗಿನ ಸಾಲಿಗೆ ಮೊದಲು ಗುರುತು ಹಾಕು, ಆಮೇಲೆ ಮೇಲಕ್ಕೆ ಬಾ. ಮರೆತಾಗೆಲ್ಲ ಮಣಿಕಟ್ಟಿಗೆ ಅಡಿಕೋಲಿನ ಏಟು. ಈ ಕಾಗದದಲ್ಲೂ ಕೆಳಗೆ ನನ್ನ ಹೆಸರು ಮೊದಲು ಬರೆದು ಆಮೇಲೆ ಮೇಲಿಂದ ಶುರು ಮಾಡಿದೀನಿ. ಏಟು ತಿಂದ ಕೈ, ಏನ್ಮಾಡೋದು.

ನಿಮ್ಮ
ಬುಗುರಿ

ಫೆಬ್ರವರಿ 2

ಪ್ರೀತಿಯ ಬುಗುರಿಗೆ,

ನಿನ್ನ ಕಾಗದ ಬಂತು. ಹರಿದದ್ದೇನೂ ಸಿಗಲಿಲ್ಲ. ಅಲ್ಲಲ್ಲಿ ಗುಂಡಿ ಕಿತ್ತುಹೋಗಿತ್ತು ಅಷ್ಟೇ. ಶಾಲೆ ಸಮವಸ್ತ್ರದ ಹೊಲಿಗೆ ಜೋರಾಗಿದೆ, ಮನೆ ತುಂಬ ನೀಲಿ ಚೂರು.

ತಾತನ ಕಲ್ಲಿನ ವಿಷಯ ಕೇಳಿದ್ದೀಯ. ಕಲ್ಲು ಚಿಕ್ಕದಿತ್ತು, ಅಷ್ಟೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಆದರೆ ಆ ಮಾತಿನ ಬಗ್ಗೆ ನಾನು ಯೋಚಿಸಿದ್ದು ಹೇಳುತ್ತೇನೆ. ಬಟ್ಟೆ ಹೊಲಿಯುವವಳಿಗೆ ತೋಚಿದ್ದು, ಪಾದ್ರಿಗಳಿಗೆ ಹೇಳಬೇಡ. ಆ ಕೀರ್ತನೆಯಲ್ಲಿ ದೇವರಿಗೆ ಸಿಟ್ಟಿದೆ ಎಂದು ಯಾರೂ ತೀರ್ಪು ಹೇಳುತ್ತಿಲ್ಲ. ಸಿಟ್ಟಿದೆಯಾ, ಎಷ್ಟು ದಿನ, ಮಕ್ಕಳ ಮೇಲೂ ಇದೆಯಾ ಎಂದು ಕೇಳುತ್ತಿದ್ದಾರೆ. ನಾವು ಯಾರ ಹತ್ತಿರ ಹೀಗೆ ಕೇಳುತ್ತೇವೆ? ಬಾಗಿಲು ಹಾಕಿಕೊಂಡು ಹೋದವರ ಹತ್ತಿರ ಕೇಳುವುದಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿದರೆ ಮಾತ್ರ ಕೇಳುತ್ತೇವೆ. ನಿಮ್ಮಜ್ಜಿ, ನನ್ನಮ್ಮ, ಆ ಪ್ರಶ್ನೆಯನ್ನು ಉತ್ತರ ಅಂದುಕೊಂಡು ಬದುಕಿಬಿಟ್ಟರು.

ನಿಮ್ಮಪ್ಪ ಚೆನ್ನಾಗಿದ್ದಾನೆ. ಸ್ವಲ್ಪ ಶೀತ. ಮೇಲಿನ ಕೋಣೆ ತಾರಸಿಗೆ ಸುಣ್ಣ ಹೊಡೆಸಬೇಕು ಅಂತ ಮಂಚವನ್ನು ಕೆಳಗೆ ಇಳಿಸಿದ್ದೇವೆ. ಹಗಲೆಲ್ಲ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಈ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಮೂಗು ಮಾತ್ರ ಒಬ್ಬೊಬ್ಬರದು ಒಂದೊಂದು ಥರ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ

ಮಾರ್ಚ್ 9

ಅತ್ತೆಗೆ ನಮಸ್ಕಾರ,

ಗೋಡೌನ್ ಬಿಟ್ಟೆ. ಬೇಜಾರಾಯ್ತು. ಈಗ ಬ್ರೆಡ್ ಕಾರ್ಖಾನೆ. ಇಲ್ಲೂ ದೂಳೇ, ಆದ್ರೆ ಹಿಟ್ಟಿನ ದೂಳು. ಸಂಜೆ ಹೊತ್ತಿಗೆ ಎಲ್ಲರ ರೆಪ್ಪೆ ಬೆಳ್ಳಗಾಗಿರುತ್ತೆ, ಇಪ್ಪತ್ತು ವರ್ಷದವನೂ ಅಜ್ಜನ ಥರ ಕಾಣ್ತಾನೆ. ಮೂಟೆ ಸುರಿಯೋ ಜಾಗದಿಂದ ನನ್ನನ್ನ ಒಲೆ ಹತ್ರ ಹಾಕಿ ಅಂತ ಕೇಳ್ಕೊಂಡಿದೀನಿ. ಬಿಸಿ ಆದ್ರೂ ಪರವಾಗಿಲ್ಲ.

ಮಂಚ ಕೆಳಗೆ ಇಳಿಸಿದೀವಿ ಅಂತ ಬರೆದಿದೀರ. ನನಗೇನು ಅರ್ಥ ಆಗಲ್ವಾ. ಮೇಲಿನ ಕೋಣೆ ಪಕ್ಕದ್ದೇ ನನ್ನ ರೂಮು. ಇಬ್ಬರ ಮಂಚಾನೂ ಇಳಿಸಿ ಮೇಲೆ ಬೀಗ ಹಾಕಿಸಿರ್ತಾರೆ ಅಪ್ಪ. ಸುಣ್ಣ ಬಣ್ಣ ಅಂತ ನೀವು ಮುಚ್ಚಿಡೋದು ಬೇಡ. ನನ್ನ ಬಟ್ಟೆ ಪೆಟ್ಟಿಗೆ ಮೇಸ್ತ್ರಿ ಮನೆಗೆ ಹಾಕಿಸಿಬಿಡಿ.

ನಿಮ್ಮ ಬಾಗಿಲ ಮಾತು ಚೆನ್ನಾಗಿದೆ. ಕೆಲಸ ಮಾಡ್ತಾ ಮಾಡ್ತಾ ಅದನ್ನೇ ತಿರುಗಿಸ್ತಾ ಇದ್ದೆ. ಆದ್ರೆ ಒಂದು ಕೇಳ್ತೀನಿ. ತಾತ ಬಾಗಿಲು ತಟ್ಟಿ ತಟ್ಟಿ ಹೋದ್ರು. ಅಪ್ಪ ತಟ್ಟೋದೂ ಬಿಟ್ಟು ಹೊಸಿಲ ಮೇಲೆ ಕೂತಿದಾರೆ. ಒಳಗಿರೋರು ಕೇಳಿಸ್ಕೊಂಡೂ ತೆಗೀದೆ ಇದ್ರೆ, ಇಲ್ಲದೇ ಇರೋರಿಗೂ ಅವರಿಗೂ ಏನು ವ್ಯತ್ಯಾಸ? ಡ್ರೈವರಣ್ಣನ್ನ ಕೇಳ್ದೆ. "ತಮ್ಮಾ, ನಾನು ಹಾರ್ನ್ ಹೊಡೀತೀನಿ, ದಾರಿ ಬಿಡೋದು ಅವರಿಗೆ ಬಿಟ್ಟಿದ್ದು" ಅಂದ. ಅವನಿಗೆ ಎಲ್ಲಾ ಲಾರಿಯೇ.

ಅಪ್ಪನ ಶೀತ ಅಂದ್ರಲ್ಲ. ನಾನು ಹುಟ್ಟಿದಾಗಿಂದ ಅವರಿಗೆ ಶೀತವೇ.

ನಿಮ್ಮ
ಬುಗುರಿ

ಏಪ್ರಿಲ್ 6

ಪ್ರೀತಿಯ ಬುಗುರಿಗೆ,

ನಿನ್ನ ಪೆಟ್ಟಿಗೆ ಎಲ್ಲಿತ್ತೋ ಅಲ್ಲೇ ಇದೆ. ನಿನ್ನ ಮಂಚವೂ ಅಲ್ಲೇ ಇದೆ. ಬೀಗ ಹಾಕಿಲ್ಲ. ನಮ್ಮ ಮನೆಯ ಬೀಗದ ಕೈ ಕಳೆದುಹೋಗಿ ಎಷ್ಟು ಕಾಲವಾಯಿತು ಅಂತ ನಿನಗೇ ಗೊತ್ತು. ನೀನೇ ಕಳೆದದ್ದು.

ಬೇಜಾರಾಯಿತು ಅಂತ ಕೆಲಸ ಬಿಡುವುದು ಯಾವ ಬುದ್ಧಿಯಪ್ಪ? ಕಾಲಲ್ಲಿ ಚಕ್ರ ಕಟ್ಟಿಕೊಂಡು ಹುಟ್ಟಿದವನು ನೀನು. ಚಿಕ್ಕವನಿದ್ದಾಗ ಅಳತೆ ತೆಗೆಯಲು ನಿಲ್ಲಿಸಿದರೆ ಟೇಪು ನನ್ನ ಕೈಯಲ್ಲಿರುತ್ತಿತ್ತು, ನೀನು ಬೀದಿಯಲ್ಲಿ. ಅದಕ್ಕೇ ಬುಗುರಿ ಅಂದದ್ದು. ಬುಗುರಿಯೂ ಒಂದು ಕಡೆ ಕಾಲೂರಿಕೊಂಡೇ ಸುತ್ತುವುದು, ಗಮನಿಸಿದ್ದೀಯಾ?

ನಿಮ್ಮಪ್ಪ ಒಂದು ಚಿಕ್ಕ ಕಪ್ಪು ಕಲ್ಲು ತರಿಸಿಕೊಂಡಿದ್ದಾನೆ. ಜಗಲಿಯಲ್ಲಿ ಗೋಡೆಗೆ ಒರಗಿಸಿಟ್ಟುಕೊಂಡು ಅದರ ಎದುರಿಗೆ ಕೂತಿರುತ್ತಾನೆ. ಕೆಂಪು ಜಾಜಿನಲ್ಲಿ ಏನೋ ಗೆರೆ ಎಳೆಯುತ್ತಾನೆ, ಒರೆಸುತ್ತಾನೆ, ಮತ್ತೆ ಎಳೆಯುತ್ತಾನೆ. ಯಾರದು ಅಂದರೆ ಹೇಳುವುದಿಲ್ಲ. ಮೇಸ್ತ್ರಿ, "ಬದುಕಿರೋರ ಕಲ್ಲು ಮುಂಚೆನೇ ಮಾಡೋದಿಲ್ಲ ಅಂತ ನೀವೇ ಕಲಿಸಿದ್ದು ಯಜಮಾನ್ರೇ, ಇದು ನನ್ನದಲ್ಲ ತಾನೇ?" ಅಂತ ಕೇಳಿದ. "ನಿನಗೆ ಇಷ್ಟು ಒಳ್ಳೇ ಕಲ್ಲು ಯಾರು ಹಾಕ್ತಾರೆ, ಹೋಗು" ಅಂದ ನಿಮ್ಮಪ್ಪ. ಬಹಳ ದಿನವಾಗಿತ್ತು ಅವನು ತಮಾಷೆ ಮಾಡಿ. ಹಾಗಾಗಿ ಚಿಂತೆ ಮಾಡಬೇಡ.

ನೀನು ಕೇಳಿದ ಮೇಲೆ ಬೈಬಲ್ ತೆಗೆದೆ. ಕಲ್ಲಲ್ಲಿ ಇಲ್ಲದ ಮುಂದಿನ ಮಾತನ್ನೂ ಮತ್ತೆ ಓದಿ ನೋಡಿದೆ. ಅದೂ ಪ್ರಶ್ನೆಯೇ. ಆದರೂ ಸಿಟ್ಟನ್ನು ಕೇಳಿದ ಬಾಯಿಯೇ ಜೀವವನ್ನೂ ಕೇಳಿದೆ. ನನಗೆ ಅಷ್ಟು ಸಾಕು. ನಿನಗೆ ಸಾಲದು, ನಿನ್ನ ವಯಸ್ಸಿಗೆ ಸಾಲಬಾರದು.

ನಿನ್ನ ಅತ್ತೆ

ಏಪ್ರಿಲ್ 20

ಅತ್ತೆ,

ಹೊಸ ಕಲ್ಲು ತಗೊಂಡಿದಾರಾ. ಒಳ್ಳೇದು. ಒಣ ಕಲ್ಲಿಗೇ ಉಳಿ ಹಾಕಲಿ, ಮುಖ ಹತ್ರ ಇಟ್ಕೊಂಡು ಊದಿ ಊದಿ ಕೆತ್ತಲಿ. ಜಗಲಿಗೇ ದೂಳು ತಂದ್ರಾ, ನೀವೂ ಸ್ವಲ್ಪ ಕುಡೀರಿ.

ನಾನು ಬೇಜಾರಾಗಿ ಗೋಡೌನ್ ಬಿಡ್ಲಿಲ್ಲ. ಕಾಯಂ ಮಾಡ್ಕೊಳ್ಳೋಕೆ ಅಂತ ಎದೆ ಎಕ್ಸ್‌ರೇ ತೆಗೆಸಿದ್ರು. ತೆಗೆಸಿದ ವಾರವೇ ಬೇರೆ ಕಡೆ ನೋಡ್ಕೋ ಅಂದ್ರು. ಡಾಕ್ಟರಮ್ಮ ಆ ಫಿಲ್ಮನ್ನ ಕಿಟಕಿಗೆ ಹಿಡಿದು ತೋರಿಸಿದ್ರು. ಜರಡಿ ಹಿಡಿದು ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ. "ಎಲ್ಲಿ ಕೆಲಸ ಮಾಡ್ತಿದ್ದೆ" ಅಂದ್ರು. ಕಲ್ಲು ಕೆತ್ತೋ ಕಡೆ ಅಂದೆ. "ಕಲ್ಲು ದೂಳು ಎದೇಲಿ ಕೂತಿದ್ದು ಕೂತಾಯ್ತು, ಹೋಗಲ್ಲ. ಇನ್ನು ದೂಳಿನ ಹತ್ರ ಸುಳೀಬೇಡ, ಇಷ್ಟಕ್ಕೇ ನಿಂತ್ರೂ ನಿಲ್ಲಬಹುದು" ಅಂದ್ರು. ಮೆಟ್ಟಿಲು ಹತ್ತುವಾಗ ನನಗೂ ಈಗ ಸ್ವಲ್ಪ ಶೀತ ಅತ್ತೆ. ನಿಮ್ಮ ಭಾಷೆಯಲ್ಲಿ.

ಅಪ್ಪಂಗೆ ಹೇಳಿ, ದೇವರ ಲೆಕ್ಕ ಸರಿಯಾಗಿದೆ. ತಾತ, ಅಪ್ಪ, ನಾನು. ತಲೆತಲಾಂತರ. ಕಲ್ಲಲ್ಲಿ ಬರೆದಿದ್ದು ಸುಳ್ಳಾಗಲಿಲ್ಲ, ಖುಷಿಪಡಲಿ. ನಾನು ತಂದ ಮಾಸ್ಕ್ ಡ್ರಮ್ಮಲ್ಲಿ ಇನ್ನೂ ತೇಲ್ತಾ ಇದ್ಯಾ ನೋಡಿ.

ಈ ಕಾಗದ ಅವರಿಗೆ ಓದಿ ಹೇಳಬೇಡಿ.

ಬೇಡ. ಓದಿ ಹೇಳಿ.

ಬುಗುರಿ

ಜುಲೈ 1

ಪ್ರೀತಿಯ ಬುಗುರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗೆಲ್ಲ ನಿನ್ನ ಎದೆಯ ಚುಕ್ಕೆಗಳು ಕಣ್ಣ ಮುಂದೆ ಬಂದು ಕೈ ನಿಂತುಬಿಡುತ್ತಿತ್ತು. ಒಬ್ಬನೇ ಹೋಗಿ ಆ ಫಿಲ್ಮ್ ನೋಡಿಕೊಂಡು ಬಂದೆಯಲ್ಲೋ. ನಾನು ನಿನ್ನ ಕಾಲಿನ ಚಕ್ರದ ಮಾತು ಬರೆದು ಕಳಿಸಿದೆ. ಎಂಥ ಅತ್ತೆ ನಾನು.

ಆ ಕಾಗದ ನಾನು ಓದಿ ಹೇಳಬೇಕಾಗಿ ಬರಲಿಲ್ಲ. ನಾನು ಬಟ್ಟೆ ಕೊಡಲು ಶಾಲೆಗೆ ಹೋಗಿದ್ದೆ. ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ಕೂತಿದ್ದ ನಿಮ್ಮಪ್ಪನ ಕೈಗೇ ಕೊಟ್ಟಿದ್ದಾನೆ. ನಾನು ಬರುವ ಹೊತ್ತಿಗೆ ಓದಿ ಮಡಿಚಿ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ನಾನು ಬೈಗುಳಕ್ಕೆ ತಯಾರಾಗಿ ನಿಂತೆ. ಅವನು ಮೇಸ್ತ್ರಿಯನ್ನು ಕೂಗಿದ.

"ಆ ಪೈಪು ಎಲ್ಲಿಟ್ಟೆ?"

"ಬಿಸಾಕು ಅಂದಿದ್ರಿ."

"ಎಲ್ಲಿಟ್ಟೆ ಅಂತ ಕೇಳಿದ್ದು."

"ಷೆಡ್ಡಿನ ಹಿಂದೆ ಸುತ್ತಿಟ್ಟಿದೀನಿ. ನಿಮ್ಮ ಮಾತು ಯಾವತ್ತಾದ್ರೂ ತಿರುಗುತ್ತೆ ಅಂತ ಕಾಯ್ತಾ ಇದ್ದೆ" ಅಂದ ಮೇಸ್ತ್ರಿ.

ಮರುದಿನದಿಂದ ಎಲ್ಲ ಮಿಶಿನ್ನಿಗೂ ನೀರು. ಅಂಗಳವೆಲ್ಲ ಬೂದುಬಣ್ಣದ ಕೆಸರು. ನನ್ನ ನೀಲಿ ಬಟ್ಟೆಗೂ ಮೆತ್ತಿಕೊಳ್ಳುತ್ತದೆ. ತೊಳೆದು ಒಣಹಾಕುತ್ತೇನೆ.

ಅವತ್ತು ಊಟಕ್ಕೆ ಕೂತಾಗ ಅವನು ಹೇಳಿದ್ದು, "ಅಕ್ಕ, ದೇವರು ನಿಲ್ಲಿಸಿದ್ದಲ್ಲ ಅದು. ನಾನು ಅಕ್ಷರ ದೊಡ್ಡದು ಮಾಡಿದ್ದು."

ಕಲ್ಲು ಚಿಕ್ಕದಿತ್ತು ಅಂತ ನಿನಗೆ ಬರೆದಿದ್ದೆ. ಅಷ್ಟೇ ಅಲ್ಲ ಅದು. ನಮ್ಮಪ್ಪ ಹೋದಾಗ ನಿಮ್ಮಪ್ಪ ನಿನಗಿಂತ ಚಿಕ್ಕವನು. ಒಬ್ಬನೇ ಕೆತ್ತಿದ ಮೊದಲ ಕಲ್ಲು ಅದು. ಅಮ್ಮ ಎರಡು ಮಾತನ್ನೂ ಕೊಟ್ಟಿದ್ದಳು, ಸಿಟ್ಟಿನದೂ ಜೀವದ್ದೂ. ಅವನಿಗೋ ಅಪ್ಪನ ಕಲ್ಲು ಸ್ಮಶಾನದ ಗೇಟಿನಿಂದಲೇ ಕಾಣಬೇಕು ಅನ್ನುವ ಹಂಬಲ. ಮೇಲಿನಿಂದ ಶುರು ಮಾಡಿದ, ಒಂದೊಂದು ಅಕ್ಷರ ಅಂಗೈ ಅಗಲ. ಸಿಟ್ಟಿನ ಮಾತು ಮುಗಿಯುವಷ್ಟರಲ್ಲಿ ಕಲ್ಲು ಮುಗಿದಿತ್ತು. ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು. ಕಲ್ಲಿಗೆ ಅದಿಲ್ಲ. ಇನ್ನೊಂದು ಕಲ್ಲು ತರುವ ದಾರಿಯೂ ಇರಲಿಲ್ಲ.

ಅಮ್ಮನಿಗೆ ತೋರಿಸಲು ಹೆದರಿ ನನ್ನನ್ನು ಮುಂದೆ ಬಿಟ್ಟುಕೊಂಡು ಬಂದ. ಅಮ್ಮ ಅಕ್ಷರಗಳ ಮೇಲೆ ಕೈಯಾಡಿಸಿದಳು. "ನಿನ್ನ ತಪ್ಪಲ್ಲ ಮಗಾ, ದೇವರೇ ಇಲ್ಲಿಗೆ ನಿಲ್ಲಿಸಿದ್ದಾನೆ. ನಮ್ಮ ಮನೆಗೆ ಇಷ್ಟೇ ಮಾತು" ಅಂದಳು. ಬೈಗುಳ ತಪ್ಪಿತಲ್ಲ ಅಂತ ಅವನು ಸುಮ್ಮನಾದ. ಸುಮ್ಮನಿದ್ದು ಇದ್ದು ಅದನ್ನೇ ನಂಬಿದ. ಕೆಮ್ಮು ಬಂದಾಗ ಕಾರಣ ಆಗಲೇ ಕಲ್ಲಲ್ಲಿ ಸಿದ್ಧವಾಗಿತ್ತು, ಬೇರೆ ಹುಡುಕಲೇ ಇಲ್ಲ.

ಒಮ್ಮೆ ಬಂದು ಹೋಗು. ಅವಸರವೇನಿಲ್ಲ.

ನಿನ್ನ ಅತ್ತೆ

ಜುಲೈ 15

ಅತ್ತೆಗೆ ನಮಸ್ಕಾರ,

ನಿಮ್ಮ ಕಾಗದ ಹಳೇ ರೂಮಿಗೆ ಹೋಗಿ ಕೂತಿತ್ತು. ಡ್ರೈವರಣ್ಣ ಲೋಡ್ ಜೊತೆ ತಂದು ನಿನ್ನೆ ಕೊಟ್ಟ. ನಾನು ಬ್ರೆಡ್ ಕಾರ್ಖಾನೆ ಬಿಟ್ಟು ಆಗಲೇ ಒಂದು ತಿಂಗಳಾಯ್ತು. ಫೋನ್ ನಂಬರೂ ಬದಲಾಯ್ತು, ಹಳೇ ಫೋನ್ ಹಿಟ್ಟಿನ ಡಬ್ಬಕ್ಕೆ ಬಿದ್ದು ಒಲೆಗೆ ಹೋಗಿ ಬೆಂದುಹೋಯ್ತು. ಈಗ ಗಾಜಿನ ಅಂಗಡಿ. ಇಲ್ಲಿ ಗಾಜಿನ ಅಂಚು ಉಜ್ಜೋದೆಲ್ಲ ನೀರಲ್ಲೇ, ಒಂದು ಚೂರೂ ದೂಳು ಏಳಲ್ಲ. ನೋಡ್ತಾ ನಿಂತ್ರೆ ಹೊಟ್ಟೆ ಉರಿಯುತ್ತೆ. ಇಷ್ಟು ಸುಲಭದ ಕೆಲಸ.

ನಿಮ್ಮ ಕಾಗದಾನ ಎಷ್ಟು ಸಲ ಓದಿದೆ ಅಂತ ಕೇಳಬೇಡಿ. ಕೊನೆ ಸಾಲು ಮೊದಲು, ಕೊನೆ ಸಾಲು ಮೊದಲು ಅಂತ ಅಡಿಕೋಲಲ್ಲಿ ಹೊಡೀತಿದ್ರಲ್ಲ, ಅದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು. ಹೊಡೀತಿದ್ದದ್ದು ನನ್ನ ಕೈಗಲ್ಲ ಅನ್ಸುತ್ತೆ. ಅಂಗೈ ಅಗಲದ ಅಕ್ಷರ ಬರೆದ ಆ ಹುಡುಗನ ಕೈಗೆ. ಏಟು ಬಿದ್ದಿದ್ದು ಮಾತ್ರ ನನಗೆ.

ಅಪ್ಪಂಗೆ ಒಂದು ಮಾತು ಬರೆಯೋಣ ಅಂತ ಶುರು ಮಾಡಿದೆ, ಹೊಡೆದುಹಾಕಿದೆ. ಅದು ಕಾಗದದಲ್ಲಿ ಹೇಳೋದಲ್ಲ. ದೊಡ್ಡ ಆರ್ಡರ್ ಒಂದು ನಡೀತಿದೆ, ತಿಂಗಳ ಕೊನೆಗೆ ಮುಗಿಯುತ್ತೆ. ನೀವೂ ಅವಸರ ಇಲ್ಲ ಅಂದಿದೀರ. ಮುಗಿದ ಮಾರನೇ ದಿನವೇ ಹೊರಡ್ತೀನಿ. ಎದುರಿಗೆ ಕೂತು ಹೇಳ್ತೀನಿ. ಅಲ್ಲಿವರೆಗೂ ನಾನು ಬರ್ತೀನಿ ಅಂತಷ್ಟೇ ಹೇಳಿ.

ಹೊಸ ವಿಳಾಸ ಹಿಂದೆ ಬರೆದಿದೀನಿ.

ನಿಮ್ಮ
ಬುಗುರಿ

ಜುಲೈ 20

ಮಗನೇ,

ನಿಮ್ಮಪ್ಪ ಹೋದ. ಮೊನ್ನೆ ಬೆಳಿಗ್ಗೆ, ಜಗಲಿಯ ಕುರ್ಚಿಯಲ್ಲೇ. ನಿನ್ನೆ ಮಣ್ಣು ಮಾಡಿದೆವು.

ನಿನ್ನನ್ನು ಹುಡುಕಿದೆವು. ಫೋನ್ ಹೋಗಲಿಲ್ಲ. ಬ್ರೆಡ್ ಕಾರ್ಖಾನೆಯವರು ಅವನು ಬಿಟ್ಟು ತುಂಬ ದಿನ ಆಯಿತು ಅಂದರು. ಎಲ್ಲಿ ನಿಂತಿದ್ದೀಯ ಅಂತ ಯಾರಿಗೂ ಗೊತ್ತಿರಲಿಲ್ಲ. ಸ್ಮಶಾನದಿಂದ ಬಂದು ಕೈಕಾಲು ತೊಳೆಯುವಾಗ ಪೋಸ್ಟ್‌ಮ್ಯಾನ್ ಬಂದ. ನಿನ್ನ ಕಾಗದ, ಹಿಂದೆ ಹೊಸ ವಿಳಾಸ.

ಅವಸರವೇನಿಲ್ಲ ಅಂತ ಬರೆದವಳು ನಾನೇ. ಹಾಗೆ ಬರಿ ಅಂದವನು ಅವನು. "ಕನಿಕರಕ್ಕೆ ಬರೋದು ಬೇಡ ಅಕ್ಕ. ಸಿಟ್ಟು ಇಳಿದ್ಮೇಲೆ ಬರಲಿ" ಅಂದ. ಮಂಚ ಕೆಳಗೆ ತಂದದ್ದು ಅವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ ಅಂತ. ಜಗಲಿಯಲ್ಲಿ ಕೂರುತ್ತಿದ್ದದ್ದು ಮಲಗಿದರೆ ಉಸಿರು ಹಿಡಿಯುತ್ತಿತ್ತು ಅಂತ. ಸುಣ್ಣ ಹೊಡೆಯುವ ಮಾತು ನಾನು ಕಟ್ಟಿದ್ದು. ನೀನು ಬೇರೇನೋ ತಿಳಿದುಕೊಂಡು ಬೇಸರಪಟ್ಟಾಗಲಾದರೂ ನಿಜ ಹೇಳಬೇಕಿತ್ತು.

ಇನ್ನೊಂದು ಹೇಳಿರಲಿಲ್ಲ. ನಿನ್ನ ಪ್ರತಿ ಕಾಗದ ಬಂದಾಗಲೂ ಅವನು ಒಂದೇ ಮಾತು ಕೇಳುತ್ತಿದ್ದ. ಊಟ ಮಾಡ್ತಾನಾ ಅಂತಲ್ಲ, ಎಲ್ಲಿದ್ದಾನೆ ಅಂತಲ್ಲ. "ಇನ್ನೂ ಸಿಟ್ಟಲ್ಲಿದ್ದಾನಾ?" ಇಳಿದಿದೆ ಕಣೋ ಅಂತ ನಾನು ಪ್ರತಿ ಸಲವೂ ಸುಳ್ಳು ಹೇಳಿದೆ. ನೀನೇ ಬರೆದ ಆ ಏಪ್ರಿಲ್ ಕಾಗದ ಓದಿದ ಮೇಲೂ ಮುಂದಿನ ವಾರ ಕೇಳಿದ. ಆಗಲೂ ಹಾಗೇ ಹೇಳಿದೆ. ನಂಬಿದವನ ಹಾಗೆ ತಲೆ ಆಡಿಸಿದ.

ಆ ಚಿಕ್ಕ ಕಲ್ಲು ಯಾರದ್ದೂ ಅಲ್ಲ. ತಾತನ ಕಲ್ಲಿನಲ್ಲಿ ಬಿಟ್ಟುಹೋದ ಮಾತು ಅದು. ಅದರ ಬುಡದಲ್ಲಿ ನಿಲ್ಲಿಸಬೇಕು ಅಂತಿದ್ದ. ಕೊನೆ ಸಾಲಿನಿಂದಲೇ ಶುರು ಮಾಡಿದ. ನೀರು ಹಾಕಿಯೇ ಕೆತ್ತಿದ, ಮುಖಕ್ಕೆ ನಿನ್ನ ಮಾಸ್ಕ್ ಕಟ್ಟಿಕೊಂಡು. ನೀರು ಬಿದ್ದಾಗೆಲ್ಲ ಕೆಂಪು ಗೆರೆ ಅಳಿಸಿಹೋಗುವುದು, ಮರುದಿನ ಮತ್ತೆ ಬರೆದುಕೊಳ್ಳುವುದು, ಎರಡು ಅಕ್ಷರ ಕೆತ್ತಿ ಉಸಿರಿಗೆ ಕಾಯುವುದು. "ನಿನ್ನ ಜನ ನಿನ್ನಲ್ಲಿ ನಲಿಯುವಂತೆ." ಅಷ್ಟು ಮುಗಿಸಿದ. ಮೇಲಿನ ಸಾಲು ಉಳಿದಿದೆ. ಅದು ಜಾಜಿನ ಗೆರೆಯಲ್ಲೇ ಇದೆ, ಅವನ ಕೈಯಲ್ಲಿ ಬರೆದದ್ದು. ನೀರೆಲ್ಲ ಕೆಳಗೆ ಹರಿದದ್ದರಿಂದ ಮೇಲಿನದಕ್ಕೆ ಏನೂ ಆಗಿಲ್ಲ. ಮೇಸ್ತ್ರಿ ಅದರ ಮೇಲೆ ತಾಡಪಾಲು ಹೊದಿಸಿಟ್ಟಿದ್ದಾನೆ, ಒಂದು ಹನಿ ನೀರು ಬೀಳದ ಹಾಗೆ.

ಈಗಲೂ ಬಾ.

ಅತ್ತೆ

ನವೆಂಬರ್ 23

ಅತ್ತೆಗೆ ನಮಸ್ಕಾರ,

ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚೋವರೆಗೂ ಓದೋ ಹಾಗಿಲ್ಲವಂತಲ್ಲ. ಇದನ್ನ ನಿಮ್ಮ ಮಗಳ ಕೈಲಿ ಓದಿಸ್ಕೊಳ್ಳಿ. ಮಗಳ ಮನೇಲಿ ಎರಡು ದಿನ ಸುಮ್ಮನೆ ಮಲಗಿ, ಅಲ್ಲೂ ಸೂಜಿ ಹುಡುಕಬೇಡಿ.

ನಾನು ಮನೆಗೆ ಬಂದಾಗಿಂದ ನೀವು ಆ ಕಲ್ಲಿನ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀವು ಅಲ್ಲಿಗೆ ಹೊರಟ ಮಾರನೇ ದಿನ ತಾಡಪಾಲು ತೆಗೆದೆ. ಅಲ್ಲಿವರೆಗೂ ಬರೀ ಅಂಚು ಎತ್ತಿ ಇಣುಕೋದು, ಮುಚ್ಚೋದು. ಅಪ್ಪನ ಗೆರೆ ಅತ್ತೆ. ಆ 'ಜೀ' ಅಕ್ಷರದ ದೀರ್ಘ ಅವರು ಸ್ವಲ್ಪ ಜಾಸ್ತಿ ಬಳುಕಿಸ್ತಿದ್ರಲ್ಲ, ಹಾಗೇ ಇದೆ. ಒಂದು ಕಡೆ ಉಸಿರಿಗೆ ನಿಂತಿರಬೇಕು, ಗೆರೆ ಒಡೆದಿದೆ, ಪಕ್ಕದಲ್ಲಿ ಹೆಬ್ಬೆರಳಿನ ಗುರುತು.

ಇಲ್ಲೇ ಸಿಕ್ಕಿಕೊಂಡೆ. ನೀರು ಹಾಕಿದ್ರೆ ಅಪ್ಪನ ಕೈಬರಹ ಹೋಗುತ್ತೆ. ಒಣಗಿದ್ದಾಗಲೇ ಕೆತ್ತಿದ್ರೆ ಅವರ ಗೆರೆ ಮೇಲೇ ಉಳಿ ಓಡುತ್ತೆ, ಎರಡೂ ಸಾಲು ಅವರದ್ದೇ ಆಗುತ್ತೆ. ಒಂದೇ ಒಂದು ಸಾಲು, ಅದರಿಂದ ಏನು ಮಹಾ ಆಗುತ್ತೆ ಅಂತ ಉಳಿ ಎತ್ಕೊಂಡೆ ಕೂಡ. ಮೇಸ್ತ್ರಿ ಬಂದು ಪಕ್ಕದಲ್ಲಿ ಕೂತ್ಕೊಂಡ.

"ತೆಳು ಕಾಗದ ಇಟ್ಟು ಗೆರೆ ತೆಗೆದುಕೊಳ್ಳೋ, ಅಳಿಸಿಹೋದ್ರೆ ಮತ್ತೆ ಒತ್ತಬಹುದು" ಅಂದ.

"ಅದು ಅಪ್ಪನ ಕೈ ಥರ ಇರುತ್ತೆ, ಅಪ್ಪನ ಕೈ ಅಲ್ಲ" ಅಂದೆ.

"ಹಾಗಾದ್ರೆ ಒಣ ಕಲ್ಲಲ್ಲೇ ಹೊಡಿ. ನಾನೇನೂ ನೋಡ್ಲಿಲ್ಲ."

"ನೀನು ನೋಡದೇ ಇದ್ರೆ ದೂಳು ಎದ್ದೇಳಲ್ವಾ ಮೇಸ್ತ್ರಿ?"

ಅವನು ಎದ್ದು ಹೋಗಿ ಡ್ರಮ್ಮಿನ ಪಕ್ಕ ನಿಂತ್ಕೊಂಡ, ನನ್ನ ಕಡೆ ಬೆನ್ನು ಮಾಡಿ.

ಉಳಿ ಕೆಳಗಿಟ್ಟೆ. ನಮ್ಮ ಮನೇಲಿ ಎಲ್ಲ ಹೀಗೇ ಬಂದಿದ್ದು ಅನ್ನಿಸ್ತು. ಅಜ್ಜಿ ಹೇಳಿದ ಗೆರೆ ಮೇಲೆ ಅಪ್ಪ ಓಡಿದ್ರು, ಅಪ್ಪನ ಗೆರೆ ಮೇಲೆ ನಾನು. ಎಲ್ಲರಿಗೂ ಹಿಂದಿನವರ ಮೇಲೆ ಪ್ರೀತಿಯೇ. ಪ್ರೀತಿಗೆ ಅಂತಲೇ ಒಣ ಕಲ್ಲು ಕೆತ್ತಿ ಕೆತ್ತಿ ಎದೆ ತುಂಬಿಸ್ಕೊಂಡ್ವಿ. ಅದನ್ನ ದೇವರ ಸಿಟ್ಟು ಅಂದ್ವಿ.

ಪೈಪ್ ತಂದು ನೀರು ಬಿಟ್ಟೆ.

ಮೊದಲು ಹೆಬ್ಬೆರಳಿನ ಗುರುತು ಹೋಯ್ತು. ಆಮೇಲೆ ಒಂದೊಂದೇ ಅಕ್ಷರ. ಒರೆಸಿದ ಹಾಗಲ್ಲ, ಇಳಿದ ಹಾಗೆ. ಕೆಂಪು ನೀರು ಕೆಳಗೆ ಹರಿದು ಅಪ್ಪ ಕೆತ್ತಿದ ಸಾಲಿನ ಮೇಲೆ ಹೋಯ್ತು, ಅಲ್ಲಿ ಅಕ್ಷರದ ಹಳ್ಳಗಳಲ್ಲಿ ನಿಂತ್ಕೊಳ್ತು. ಮೇಲೆ ಅಳಿಸಿದ್ದೆಲ್ಲ ಕೆಳಗೆ ಹೋಗಿ ಕೂತಿತ್ತು. ನಾನು ಮಾಸ್ಕ್ ಒಳಗೇ ಅತ್ತುಬಿಟ್ಟೆ. ಮೇಸ್ತ್ರಿ ಆಗಲೂ ತಿರುಗಲಿಲ್ಲ, ಒಳ್ಳೆಯವನು.

ಕಲ್ಲು ಒಣಗಿದ ಮೇಲೆ ನನ್ನ ಕೈಲಿ ಬರ್ಕೊಂಡೆ. ನೀರಲ್ಲಿ ಅಳಿಸಿಹೋಯ್ತು, ಮತ್ತೆ ಬರ್ಕೊಂಡೆ. ಅಪ್ಪನೂ ಹೀಗೇ ಮಾಡಿದ್ರಂತಲ್ಲ, ಉಸಿರಿಲ್ಲದೆ. ನನ್ನ ಅಕ್ಷರ ಅವರಷ್ಟು ಚೆನ್ನಾಗಿಲ್ಲ. ಸ್ವಲ್ಪ ಎಡಕ್ಕೆ ವಾಲುತ್ತೆ. ನೋಡಿದವರಿಗೆ ಎರಡು ಕೈ ಅಂತ ಗೊತ್ತಾಗುತ್ತೆ, ಗೊತ್ತಾಗಲಿ. "ನಮಗೆ ಮತ್ತೆ ಜೀವ ಕೊಡಲಾರೆಯಾ" ಅನ್ನೋದು ನಂದು. "ನಿನ್ನ ಜನ ನಿನ್ನಲ್ಲಿ ನಲಿಯುವಂತೆ" ಅನ್ನೋದು ಅವರದು, ಅದರಲ್ಲಿ ಇನ್ನೂ ಕೆಂಪಿದೆ. ನಿನ್ನೆ ತಾತನ ಕಲ್ಲಿನ ಬುಡದಲ್ಲಿ ನಿಲ್ಲಿಸಿದ್ವಿ. ಪಕ್ಕದಲ್ಲೇ ಅಪ್ಪನ ಮಣ್ಣು ಇನ್ನೂ ಕೂತಿಲ್ಲ, ಕಲ್ಲು ಹಾಕೋಕೆ ಇನ್ನಷ್ಟು ದಿನ ಬೇಕು.

ಎಲ್ಲರೂ ಹೋದ ಮೇಲೆ ಮೇಲಿಂದ ಕೆಳಗೆ ಓದಿದೆ. ಎಂದೆಂದಿಗೂ ನಮ್ಮ ಮೇಲೆ ಮುನಿದಿರುವೆಯಾ. ಚಿಕ್ಕಂದಿನಿಂದ ನಾವು ದೇವರನ್ನ ಕೇಳ್ತಿರೋ ಪ್ರಶ್ನೆ ಅಂತ ಓದಿದ್ದೆ. ನಿನ್ನೆ ಹಾಗೆ ಕೇಳಿಸಲಿಲ್ಲ. ಜಗಲಿಯ ಕುರ್ಚಿಯಿಂದ ಅಪ್ಪ ನನ್ನ ಕೇಳ್ತಿದ್ದ ಹಾಗೆ ಕೇಳಿಸ್ತು. ಆರು ತಿಂಗಳು ಕೇಳಿದಾರೆ. ಬಾಗಿಲ ಹಿಂದೆ ನಿಂತು ತೆಗೀದೆ ಇದ್ದೋನು ನಾನು. ದೇವರ ಸಿಟ್ಟಿನ ವಿಷಯ ನನಗಿನ್ನೂ ಗೊತ್ತಿಲ್ಲ ಅತ್ತೆ, ನನ್ನದು ಗೊತ್ತಾಯ್ತು.

ಡಾಕ್ಟರಮ್ಮನ ಹತ್ರ ಮುಂದಿನ ತಿಂಗಳು ಹೋಗ್ಬೇಕು. ಅಲ್ಲಿವರೆಗೂ ಇಲ್ಲೇ ಇರ್ತೀನಿ. ಆಮೇಲೆ ಎಲ್ಲಿಗೆ ಅಂತ ಕೇಳಬೇಡಿ. ಎಲ್ಲಿಗೆ ಹೋದ್ರೂ ಹೋಗೋ ಮುಂಚೆ ವಿಳಾಸ ಬರೀತೀನಿ.

ಈ ಸಲ ನನ್ನ ಹೆಸರು ಮೊದಲೇ ಬರೆದುಕೊಳ್ಳೋದು ಮರೆತೆ. ಹಾಳೆ ಮುಗೀತಾ ಬಂತು, ಸಣ್ಣಗೆ ಬರೀತಿದೀನಿ. ಅಪ್ಪ ಕೇಳಿದಾಗೆಲ್ಲ ನನ್ನ ಸಿಟ್ಟು ಇಳಿದಿದೆ ಅಂತ ಸುಳ್ಳು ಹೇಳ್ತಿದ್ರಿ ಅಂದ್ರಲ್ಲ. ಅದು ಈಗ ಸುಳ್ಳಲ್ಲ ಅತ್ತೆ. ಕೇಳೋರು ಇಲ್ಲ, ಅಷ್ಟೇ.

ಬುಗುರಿ